ಗಾಲಿಯ ಹಳಿ ಮತ್ತು ಬಡಿಗನ ಲೆಕ್ಕ

ಪೀಪಾಯಿ ಎಂಬ ಮಾತು ಕನ್ನಡಕ್ಕೆ ಪೋರ್ಚುಗೀಸರಿಂದ ಬಂದುದು. ಮಾತು ಘಟ್ಟವನ್ನೇರಿ ಒಳನಾಡಿಗೂ ಬಂದಿತು. ಮರದ ಪೀಪಾಯಿ ಮಾತ್ರ ನಮ್ಮತ್ತ ಅಷ್ಟಾಗಿ ಬರಲಿಲ್ಲ. ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಇಂದು ಪೀಪಾಯಿ ಎಂದೊಡನೆ ತಗಡಿನ ಅಥವಾ ಪ್ಲಾಸ್ಟಿಕ್ಕಿನ ಡ್ರಮ್ಮೇ ಕಣ್ಣಮುಂದೆ ನಿಲ್ಲುತ್ತದೆ. ಈ ಎರೆನೆಲದ ಹಿರಿಯರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿಟ್ಟರು, ಎಣ್ಣೆಯನ್ನು ತೊಗಲಿನ ಬುದ್ದಲಿಯಲ್ಲಿ ತುಂಬಿದರು, ನೀರಿಗೆ ಕುಂಬಾರನ ಕೊಡವನ್ನು ನೆಚ್ಚಿದರು. ಹಲಗೆಗಳನ್ನು ಜೋಡಿಸಿ ಪಾತ್ರೆ ಮಾಡುವ ಅಗತ್ಯ ಅವರಿಗೆ ಬೀಳಲಿಲ್ಲ.

ಆದರೂ ಪೀಪಾಯಿಯ ರಚನೆಯಲ್ಲಿರುವ ಸೋಜಿಗವನ್ನು ಒಮ್ಮೆ ಗಮನಿಸಬೇಕು. ನಡುವೆ ಅಗಲವಾಗಿ ತುದಿಗಳಲ್ಲಿ ಕಿರಿದಾಗುವಂತೆ ಕೆತ್ತಿದ ಹಲಗೆಗಳನ್ನು ಒಂದರ ಪಕ್ಕದಲ್ಲೊಂದು ನಿಲ್ಲಿಸಿ, ಬೆಂಕಿಯ ಕಾವಿನಲ್ಲಿ ಬಾಗಿಸಿ, ಸುತ್ತಲೂ ಬಳೆಗಳನ್ನು ಬಿಗಿಯುತ್ತಾರೆ. ಹಲಗೆಗೂ ಹಲಗೆಗೂ ನಡುವೆ ಮೊಳೆಯಿಲ್ಲ, ಅಂಟಿಲ್ಲ. ಬಳೆಯ ಬಿಗಿತವೊಂದೇ ಅವನ್ನು ಒಂದನ್ನೊಂದು ಒತ್ತಿ ನಿಲ್ಲಿಸುತ್ತದೆ. ದ್ರಾಕ್ಷಾರಸ ಹನಿಯೂ ಸೋರದು. ಆಲ್ಪ್ಸ್ ಪರ್ವತದ ಸುತ್ತಣ ಜನ ಹೀಗೆ ಬಳೆ ಬಿಗಿದ ಮರದ ಪಾತ್ರೆಗಳಲ್ಲಿ ದ್ರಾಕ್ಷಾರಸವನ್ನಿಡುತ್ತಾರೆಂದು ರೋಮಿನ ಪ್ಲಿನಿ ಕ್ರಿಸ್ತಶಕ ಒಂದನೆಯ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಯುರೋಪಿನ ಪ್ರಾಚೀನ ಕೆಲ್ಟ್ ಜನ ಇದೇ ಉಪಾಯವನ್ನು ಬಂಡಿಗೂ ಬಳಸಿದರು. ಒಂದೇ ತುಂಡಿನ ಕಬ್ಬಿಣದ ಬಳೆಯನ್ನು ಕಾಯಿಸಿ ಗಾಲಿಗೆ ತೊಡಿಸುವುದನ್ನು ಅವರು ಬಲ್ಲವರಾಗಿದ್ದರು. ಅವರ ಸಮಾಧಿಗಳಲ್ಲಿ ಅಂತಹ ಬಳೆಗಳು ದೊರೆತಿವೆ.

ಪೀಪಾಯಿಯ ಮರ್ಮ ನಮ್ಮ ಊರುಗಳಲ್ಲೂ ಇದ್ದಿತು, ಪಾತ್ರೆಯಲ್ಲಿ ಅಲ್ಲ, ಎತ್ತಿನ ಬಂಡಿಯ ಗಾಲಿಯಲ್ಲಿ. ಆ ಗಾಲಿಯನ್ನು ಕುರಿತು ಈ ವಾರ ನಮ್ಮ ವಾಚಕರೊಡನೆ ನಾಲ್ಕು ಮಾತನಾಡಬೇಕೆಂದಿದ್ದೇವೆ. ಅದನ್ನು ಮಾಡಬಲ್ಲ ಕೈಗಳು ಇನ್ನೂ ಇವೆ. ಆದರೆ ಅವು ಮುದಿ ಕೈಗಳು.

ಗಾಲಿ ಎಂಬುದು ನಮ್ಮ ಸೀಮೆಗೆ ಹೊಸದೇನಲ್ಲ. ಭೀಮಾತೀರದ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಬೌದ್ಧ ಸ್ತೂಪವೊಂದರ ಉತ್ಖನನ ನಡೆಯಿತು. ಅಲ್ಲಿ ದೊರೆತ ಶಿಲಾಫಲಕಗಳಲ್ಲಿ ಅರಗಳುಳ್ಳ ಧರ್ಮಚಕ್ರಗಳನ್ನು ಇಂದಿಗೂ ಕಾಣಬಹುದು. ಶಿಲ್ಪಿ ಕಲ್ಲಿನಲ್ಲಿ ಚಕ್ರವನ್ನು ಕಡೆಯುವ ಮೊದಲು ಊರಿನ ಬಡಿಗ ಮರದಲ್ಲಿ ಅದನ್ನು ಮಾಡಿದ್ದಿರಬೇಕಷ್ಟೆ.

ಬಂಡಿಯ ಗಾಲಿಗೆ ಮೂರು ಬಗೆಯ ಮರದ ಭಾಗಗಳುಂಟು. ನಡುವೆ ದಪ್ಪನಾದ ಗುಂಬ. ಅದರಿಂದ ಹೊರಟ ಅರಗಳು. ಅರಗಳ ತುದಿಯನ್ನು ಹಿಡಿದು ಸುತ್ತುಗಟ್ಟುವ ಬಾಗುಮರದ ತುಂಡುಗಳು. ಸಾಮಾನ್ಯವಾಗಿ ಹನ್ನೆರಡು ಅರ, ಆರು ಬಾಗುಮರ. ಒಂದೊಂದು ಬಾಗುಮರಕ್ಕೆ ಎರಡೆರಡು ಅರಗಳು ಸೇರಬೇಕಾದುದರಿಂದ ಅರಗಳ ಸಂಖ್ಯೆ ಎಂದೂ ಬೆಸವಾಗದು. ಇವೆಲ್ಲವನ್ನೂ ಹೊರಗಿನಿಂದ ಅಪ್ಪಿ ಹಿಡಿಯುವುದು ಹಳಿ, ಅಂದರೆ ಕಬ್ಬಿಣದ ಬಳೆ. ರೈಲಿನ ಕಂಬಿಗೂ ನಾವು ಹಳಿ ಎಂದೇ ಅನ್ನುತ್ತೇವೆ. ಒಂದೇ ಮಾತು ಎರಡಕ್ಕೂ ಸಲ್ಲುತ್ತದೆ.

ಮರದ ಆಯ್ಕೆಯಲ್ಲಿಯೇ ಅರ್ಧ ಕೆಲಸವಿದೆ. ದಖ್ಖನಿನ ಬಡಿಗರು ಗಾಲಿಗೆ ಬಹುವಾಗಿ ನೆಚ್ಚಿದುದು ಕರಿಜಾಲಿಯನ್ನು. ಅದು ಗಟ್ಟಿ, ಪೆಟ್ಟು ತಡೆಯುತ್ತದೆ, ಹೊಲದ ಬದುವಿನಲ್ಲಿಯೇ ಬೆಳೆಯುತ್ತದೆ. ರಸ್ತೆಯ ಇಕ್ಕೆಲಗಳಲ್ಲಿ ಈಗ ಹಬ್ಬಿರುವ ಬಳ್ಳಾರಿ ಜಾಲಿಯನ್ನು ಇದರೊಡನೆ ಬೆರೆಸಬಾರದು. ಪರದೇಶದಿಂದ ಬಂದ ಆ ಮುಳ್ಳುಗಿಡವನ್ನು ಬೊಡ್ಡೆ ದಪ್ಪವಾಗುವ ಮೊದಲೇ ಇದ್ದಿಲಿಗೆ ಕಡಿಯುತ್ತಾರೆ. ಗುಂಬಕ್ಕೆ ಬೇಕಾದ ತೋರವಾದ ದಿಮ್ಮಿ ಅದರಲ್ಲಿ ದೊರೆಯುವುದು ಅಪರೂಪ. ಕರಿಜಾಲಿಯಾದರೋ ಬದುಗಳಿಂದ ಕಡಮೆಯಾಗುತ್ತ ಬಂದಿದೆ. ಬಡಿಗನಿಲ್ಲದೆ ಮರ ಹೋಯಿತೋ, ಮರವಿಲ್ಲದೆ ಬಡಿಗ ಹೋದನೋ ಎಂದು ಕೇಳಿದರೆ ಒಂದೇ ಉತ್ತರ ಹೇಳುವುದು ಕಷ್ಟ.

ಕಡಿದ ಮರವನ್ನು ಕೂಡಲೆ ಬಳಸುವಂತಿಲ್ಲ. ನೆರಳಿನಲ್ಲಿ ತಿಂಗಳುಗಟ್ಟಲೆ, ದಿಮ್ಮಿ ದಪ್ಪವಾಗಿದ್ದರೆ ವರ್ಷಕ್ಕೂ ಮಿಕ್ಕಿ, ಒಣಗಬೇಕು. ಬಿಸಿಲಿಗಿಟ್ಟರೆ ಬೇಗ ಒಣಗುತ್ತದೆ ನಿಜ. ಆದರೆ ಹೊರಮೈ ಒಣಗಿ ಒಳಮೈ ಹಸಿಯಾಗಿಯೇ ಉಳಿದು ಸೀಳುತ್ತದೆ. ಬಾಚಿಯಿಂದ ಗುಂಬವನ್ನು ದುಂಡಗೆ ಕೆತ್ತಿ, ಬೈರಿಗೆಯಿಂದ ತೂತು ಕೊರೆದು, ಉಳಿಯಿಂದ ಅರಗಳ ಮನೆಗಳನ್ನು ಚೌಕವಾಗಿ ತೆಗೆಯುತ್ತಾರೆ. ಅರದ ಬುಡ ಆ ಮನೆಯೊಳಗೆ ಕೈಯಿಂದ ತಳ್ಳಿದರೆ ಹೋಗಬಾರದು, ಕೊಡತಿಯಿಂದ ಹೊಡೆದರೆ ಮನೆ ಸೀಳಲೂ ಬಾರದು. ನಡುವಣ ಆ ಕೂದಲೆಳೆಯಷ್ಟು ಅಂತರವನ್ನು ಕಾಯುವುದೇ ಬಡಿಗತನ. ಬಾಗುಮರಗಳನ್ನು ಜೋಡಿಸುವಾಗ ಒಂದಕ್ಕೂ ಇನ್ನೊಂದಕ್ಕೂ ನಡುವೆ ಸ್ವಲ್ಪ ಸಂದು ಉಳಿಸುತ್ತಾರೆ. ನೋಡಿದವರಿಗೆ ಕೆಲಸ ಅಪೂರ್ಣವೆನಿಸುತ್ತದೆ. ಆ ಸಂದನ್ನು ಮುಚ್ಚುವುದು ಹಳಿಯ ಪಾಲಿಗೆ ಬಿಟ್ಟ ಕಾರ್ಯ.

ಇಲ್ಲಿಂದ ಮುಂದೆ ಬಡಿಗ, ಕಂಬಾರ ಇಬ್ಬರೂ ಕೂಡಬೇಕು. ಗಾಲಿಯ ಸುತ್ತಳತೆಯನ್ನು ಹಗ್ಗದಿಂದಲೋ, ನೆಲದ ಮೇಲೆ ಗಾಲಿಯನ್ನು ಒಂದು ಸುತ್ತು ಉರುಳಿಸಿಯೋ ಹಿಡಿಯುತ್ತಾರೆ. ಕಬ್ಬಿಣದ ಪಟ್ಟಿಯನ್ನು ಆ ಅಳತೆಗಿಂತ ತುಸು ಕಡಮೆಯಾಗಿ ಕತ್ತರಿಸಿ, ಬಾಗಿಸಿ, ತುದಿಗಳನ್ನು ಕುಲುಮೆಯಲ್ಲಿ ಕಾಯಿಸಿ ಬಡಿದು ಬೆಸೆಯುತ್ತಾರೆ. ಹೀಗಾಗಿ ತಣ್ಣಗಿರುವಾಗ ಹಳಿ ಗಾಲಿಗಿಂತ ಚಿಕ್ಕದು. ತೊಡಿಸಲು ಹೋದರೆ ಹೋಗದು. ಆಗ ಅದನ್ನು ನೆಲದ ಮೇಲೆ ಮಲಗಿಸಿ, ಮೇಲೆ ಕೆಳಗೆ ಕುಳ್ಳುಗಳನ್ನು ಒಟ್ಟಿ ಬೆಂಕಿಯಿಡುತ್ತಾರೆ. ಕುಳ್ಳಿನ ಬೆಂಕಿಗೆ ಅಬ್ಬರವಿಲ್ಲ, ಆದರೆ ಸುತ್ತಲೂ ಸಮನಾದ ಕಾವು ಕೊಡುತ್ತದೆ. ಒಂದು ಕಡೆ ಹೆಚ್ಚು ಕಾದು ಇನ್ನೊಂದು ಕಡೆ ಕಡಮೆಯಾದರೆ ಹಳಿ ವಕ್ರವಾಗುತ್ತದೆ. ಒಣಗಿದ ಕಡ್ಡಿಯನ್ನು ಮುಟ್ಟಿಸಿದೊಡನೆ ಹೊಗೆಯಾಡಿದರೆ ಕಬ್ಬಿಣ ಹದಕ್ಕೆ ಬಂದಂತೆ.

ಅನಂತರದ ಕೆಲಸವೆಲ್ಲ ಕೆಲವೇ ನಿಮಿಷಗಳದು. ಗುಂಬಕ್ಕೆ ಕುಳಿ ಮಾಡಿ ಗಾಲಿಯನ್ನು ಮಟ್ಟಸವಾಗಿ ಮಲಗಿಸಿರುತ್ತಾರೆ. ಉದ್ದನೆಯ ಇಕ್ಕಳಗಳನ್ನು ಹಿಡಿದ ನಾಲ್ವರು ಕಾದ ಹಳಿಯನ್ನು ನಾಲ್ಕು ದಿಕ್ಕಿನಿಂದ ಎತ್ತಿ ತಂದು ಗಾಲಿಯ ಮೇಲಿಳಿಸುತ್ತಾರೆ. ಸುತ್ತಿಗೆಗಳು ಬೀಳುತ್ತವೆ. ಬಾಗುಮರದ ಅಂಚು ಹೊತ್ತಿಕೊಂಡು ಹೊಗೆ ಏಳುತ್ತದೆ. ಹೊತ್ತಿದ ಮರ ಸುಟ್ಟುಹೋಗುವ ಮೊದಲೇ ಹೆಂಗಸರೂ ಮಕ್ಕಳೂ ಕೊಡಗಳಿಂದ ನೀರು ಸುರಿಯುತ್ತಾರೆ. ಕಬ್ಬಿಣ ಬುಸುಗುಟ್ಟುತ್ತ ಕುಗ್ಗುತ್ತದೆ. ಬಿಟ್ಟಿದ್ದ ಸಂದುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಅರಗಳು ಗುಂಬದೊಳಕ್ಕೆ ಇನ್ನಷ್ಟು ಇಳಿಯುವ ಟಕಟಕ ಶಬ್ದ ಕೇಳುತ್ತದೆ. ಆ ಶಬ್ದ ನಿಂತಾಗ ಇಪ್ಪತ್ತು ತುಂಡುಗಳು ಹೋಗಿ ಒಂದು ಗಾಲಿ ಆಗಿರುತ್ತದೆ.

ತತ್ತ್ವಶಾಸ್ತ್ರವನ್ನು ಅಭ್ಯಸಿಸಿದವರಿಗೆ ಇಲ್ಲಿ ಹಳೆಯ ಸಂವಾದವೊಂದು ನೆನಪಿಗೆ ಬಾರದಿರದು. ಬೌದ್ಧರ ಮಿಲಿಂದಪಞ್ಹದಲ್ಲಿ ಭಿಕ್ಷು ನಾಗಸೇನನು ರಾಜ ಮಿಲಿಂದನನ್ನು, ನೀನು ಏರಿಬಂದ ರಥ ಯಾವುದೆಂದು ಕೇಳುತ್ತಾನೆ: ಗಾಲಿಯೋ, ಅಚ್ಚೋ, ನೊಗವೋ? ಯಾವೊಂದೂ ಅಲ್ಲ, ಎಲ್ಲವನ್ನೂ ಬಿಟ್ಟು ಬೇರೊಂದೂ ಅಲ್ಲ. ಶಹಾಪುರದ ಬೆಟ್ಟಸಾಲನ್ನು ದೂರದಿಂದ ನೋಡಿದರೆ ಮಲಗಿದ ಬುದ್ಧನಂತೆ ಕಾಣುತ್ತದೆಂಬುದು ಪ್ರಸಿದ್ಧ. ಆ ಬೆಟ್ಟದ ಕೆಳಗಿನ ದಾರಿಗಳಲ್ಲಿ ಎಷ್ಟೋ ತಲೆಮಾರು ಹಳಿಯ ಗಾಲಿಗಳು ಉರುಳಿವೆ. ನಾಗಸೇನನ ಪ್ರಶ್ನೆಯನ್ನು ಯಾರಾದರೂ ನಮ್ಮ ಬಡಿಗನಿಗೆ ಹಾಕಿದ್ದರೆ ಅವನು ಬಹುಶಃ ಹಳಿಯನ್ನು ತೋರಿಸುತ್ತಿದ್ದನು. ಅದಿಲ್ಲದೆ ಅಲ್ಲಿರುವುದು ಸೌದೆ.

ಪ್ರಶ್ನೆಯ ತಿರುಳು ಆ ‘ತುಸು ಕಡಮೆ’ ಎಂಬಲ್ಲಿದೆ. ಹಳಿಯನ್ನು ಎಷ್ಟು ಕಡಮೆ ಮಾಡಬೇಕು? ಲೆಕ್ಕ ಹಾಕಿ ನೋಡೋಣ. ಐದಡಿ ಅಡ್ಡಳತೆಯ ಗಾಲಿಯ ಸುತ್ತಳತೆ ಹದಿನೈದೂವರೆ ಅಡಿಗಿಂತ ಸ್ವಲ್ಪ ಹೆಚ್ಚು. ಅಷ್ಟು ಉದ್ದದ ಕಬ್ಬಿಣ ಪ್ರತಿ 100 ಡಿಗ್ರಿ ಸೆಲ್ಸಿಯಸ್ ಕಾವಿಗೆ ಕಾಲಂಗುಲದಷ್ಟು ಹಿಗ್ಗುತ್ತದೆ. 600 ಡಿಗ್ರಿಗೆ ಕಾಯಿಸಿದರೆ ಒಂದೂಕಾಲರಿಂದ ಒಂದೂವರೆ ಅಂಗುಲ. ಅದಕ್ಕಿಂತ ಹೆಚ್ಚು ಕಡಮೆ ಮಾಡಿದ ಹಳಿ ಆ ಕಾವಿನಲ್ಲಿ ಗಾಲಿಗೆ ಇಳಿಯದು. ಇಷ್ಟನ್ನು ಭೌತಶಾಸ್ತ್ರ ಹೇಳಬಲ್ಲದು. ಆದರೆ ಆ ಮೇರೆಯೊಳಗೆ ಎಲ್ಲಿ ನಿಲ್ಲಬೇಕು? ಕಡಮೆ ಅತಿಯಾದರೆ ಕುಗ್ಗುವ ಕಬ್ಬಿಣದ ಬಲಕ್ಕೆ ಅರಗಳು ಬಾಗಿ ಗಾಲಿ ಬಟ್ಟಲಿನಂತೆ ಸೊಟ್ಟಗಾಗುತ್ತದೆ. ಸಾಲದಾದರೆ ಮೊದಲ ಬೇಸಗೆಗೇ ಹಳಿ ಕಳಚಿ ದಾರಿಯ ಬದಿಗೆ ಉರುಳಿಹೋಗುತ್ತದೆ. ಮರದ ಜಾತಿ, ಅದು ಒಣಗಿದ ಪ್ರಮಾಣ, ಬಾಗುಮರಗಳ ನಡುವೆ ಬಿಟ್ಟ ಸಂದು, ಪಟ್ಟಿಯ ದಪ್ಪ, ಋತು, ಇವೆಲ್ಲ ಕೂಡಿ ಆ ಅಳತೆಯನ್ನು ಗೊತ್ತುಮಾಡುತ್ತವೆ. ಇದಕ್ಕೆ ಸೂತ್ರವಿಲ್ಲ.

ಸುರಪುರದ ಕಡೆಯ ಒಂದು ಹಳ್ಳಿಯಲ್ಲಿ ಹಿರಿಯ ಬಡಿಗರೊಬ್ಬರನ್ನು ನಾವು ಇದನ್ನೇ ಕೇಳಿದೆವು. ಅವರು ಗಾಲಿ ಮಾಡುವುದನ್ನು ಬಿಟ್ಟು ಬಹುಕಾಲವಾಗಿದೆ. ಈಗ ಬಾಗಿಲು, ಮಂಚ, ಕುಂಟೆಯ ಹಿಡಿ ಮಾಡುತ್ತಾರೆ. ನಮ್ಮ ಪ್ರಶ್ನೆ ಅವರಿಗೆ ಸ್ವಲ್ಪ ವಿಚಿತ್ರವಾಗಿಯೇ ಕಂಡಿತು.

“ಕಟಗಿ ನೋಡಿ ಹೇಳಬೇಕ್ರೀ ಸ್ವಾಮ್ಯಾರ. ಬ್ಯಾಸಗ್ಯಾಗ ಒಂದು ಲೆಕ್ಕ, ಮಳಿಗಾಲದಾಗ ಒಂದು ಲೆಕ್ಕ. ಬಾಯಿಲೆ ಹೇಳಾಕ ಬರಲ್ರೀ” ಎಂದರು.

ಹಾಗಾದರೆ ತಮಗೆ ಯಾರು ಹೇಳಿಕೊಟ್ಟರು ಎಂದುದಕ್ಕೆ, ಯಾರೂ ಹೇಳಿಕೊಡಲಿಲ್ಲ, ತಂದೆಯ ಜೊತೆ ಇಕ್ಕಳ ಹಿಡಿದುದು ಅಷ್ಟೇ ಎಂದು ನಕ್ಕರು.

ಈ ಉತ್ತರವನ್ನು ಅಜ್ಞಾನದ ಮರೆಯೆಂದು ತಿಳಿಯುವುದು ದೊಡ್ಡ ತಪ್ಪು. ಚೀನಾ ದೇಶದ ಪ್ರಾಚೀನ ಗ್ರಂಥವಾದ ಚುವಾಂಗ್ ತ್ಸುವಿನಲ್ಲಿ ಗಾಲಿ ಮಾಡುವ ಮುದುಕನೊಬ್ಬನ ಕಥೆಯಿದೆ. ದೊರೆಯೊಬ್ಬ ಪುಸ್ತಕ ಓದುತ್ತಿರುವುದನ್ನು ಕಂಡು ಆತನು, ಸತ್ತ ಜ್ಞಾನಿಗಳ ಪುಸ್ತಕದಲ್ಲಿ ಉಳಿದಿರುವುದು ಬರಿಯ ಚರಟ ಎಂದುಬಿಡುತ್ತಾನೆ. ದೊರೆ ಸಿಟ್ಟಾದಾಗ ತನ್ನ ಕಸುಬನ್ನೇ ಸಾಕ್ಷಿಯಾಗಿ ಮುಂದಿಡುತ್ತಾನೆ: ಉಳಿಯ ಪೆಟ್ಟು ನಿಧಾನವಾದರೂ ಕೆಡುತ್ತದೆ, ಅವಸರವಾದರೂ ಕೆಡುತ್ತದೆ, ನಡುವಣ ಹದ ಕೈಗೆ ಗೊತ್ತು, ಮಗನಿಗೆ ಮಾತಿನಲ್ಲಿ ಹೇಳಲು ತನ್ನಿಂದಾಗಿಲ್ಲ, ಅದಕ್ಕೇ ಎಪ್ಪತ್ತು ವರ್ಷವಾದರೂ ತಾನೇ ಗಾಲಿ ಮಾಡುತ್ತಿದ್ದೇನೆ ಎನ್ನುತ್ತಾನೆ. ಪುಸ್ತಕಗಳಿಂದಲೇ ಬದುಕಿದ ನಮ್ಮಂತಹವರಿಗೆ ಈ ಕಥೆ ಸ್ವಲ್ಪ ಇರುಸುಮುರುಸಿನದೇ.

ಇಂಗ್ಲೆಂಡಿನ ಜಾರ್ಜ್ ಸ್ಟರ್ಟ್ ಎಂಬಾತನ ಬಾಳಿನಲ್ಲಿ ಈ ಕಥೆ ನಿಜವೇ ಆಯಿತು. ಶಾಲಾ ಶಿಕ್ಷಕನಾಗಿದ್ದ ಆತನ ಹೆಗಲಿಗೆ, ತಂದೆ ತೀರಿಕೊಂಡಾಗ, 1884ರಲ್ಲಿ ಫಾರ್ನಮ್ ಪಟ್ಟಣದ ಗಾಲಿ ಕಾರ್ಯಾಗಾರ ಬಿದ್ದಿತು. ಓದು ಬರಹ ಬಲ್ಲ ಆ ಯಜಮಾನ ತನ್ನ ಆಳುಗಳ ಕೈಯಲ್ಲಿದ್ದ ವಿದ್ಯೆಯನ್ನು ಜೀವಮಾನವೆಲ್ಲ ಬೆರಗಿನಿಂದ ನೋಡಿದನು. ಅವರಂತೆ ಕುಶಲಿಯಾಗುವುದು ಅವನಿಂದಾಗಲಿಲ್ಲ. ಆದರೆ ನೋಡಿದುದನ್ನು 1923ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಇಂಗ್ಲೆಂಡಿನ ಗಾಲಿಗಳ ವಿಷಯ ಇಂದು ನಾವು ಇಷ್ಟು ಬಲ್ಲೆವೆಂದರೆ ಆ ಅರೆಬರೆ ಬಡಿಗನ ಉಪಕಾರ. ನಮ್ಮ ಸೀಮೆಗೆ ಅಂತಹ ಒಬ್ಬ ಸ್ಟರ್ಟ್ ದೊರೆಯಲಿಲ್ಲ. ಮೈಕೆಲ್ ಪೊಲಾನ್ಯಿ ಎಂಬ ರಸಾಯನಶಾಸ್ತ್ರಜ್ಞ ಮುಂದೆ ತತ್ತ್ವಚಿಂತಕನಾಗಿ, ನುಡಿಗೆ ಸಿಲುಕದ ಈ ಬಗೆಯ ಅರಿವು ವಿಜ್ಞಾನಿಯ ಪ್ರಯೋಗಶಾಲೆಯಲ್ಲೂ ಇದೆಯೆಂದು 1958ರಲ್ಲಿ ಬಂದ ತನ್ನ ಗ್ರಂಥದಲ್ಲಿ ವಾದಿಸಿದನು. ಸಂತ ಥಾಮಸ್ ಅಕ್ವಿನಾಸರು ಅದಕ್ಕೂ ಏಳು ಶತಮಾನ ಮೊದಲೇ ಕಲೆಗಾರಿಕೆಯನ್ನು ಬುದ್ಧಿಯ ಸದ್ಗುಣಗಳ ಸಾಲಿನಲ್ಲಿ ಕೂರಿಸಿದ್ದರು. ಮಾಡಬೇಕಾದುದರ ವಿಷಯದಲ್ಲಿ ಸರಿಯಾದ ವಿವೇಕವೇ ಕಲೆಯೆಂಬುದು ಅವರ ಅಭಿಮತ. ಕೈಯಲ್ಲಿರುವುದು ಬುದ್ಧಿಯಲ್ಲವೆಂಬ ನಮ್ಮ ಇಂದಿನ ಶಾಲೆಗಳ ಭಾವನೆಗೆ ಅವರಲ್ಲಿ ಆಧಾರ ಸಿಕ್ಕದು.

ಮರ ಬದುಕಿರುವ ವಸ್ತುವೆಂಬುದನ್ನು ನಮ್ಮ ರೈತರು ತಮ್ಮದೇ ರೀತಿಯಲ್ಲಿ ಬಲ್ಲರು. ಬೇಸಗೆಯಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿಯನ್ನು ದಾಟಿದಾಗ ಗಾಲಿಯ ಮರ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚು ಕುಗ್ಗದು, ಅಡ್ಡಕ್ಕೆ ಕುಗ್ಗುತ್ತದೆ. ಹೀಗಾಗಿ ಬಾಗುಮರದ ದಪ್ಪ ಇಳಿದು ಹಳಿಯ ಕೆಳಗೆ ಸಂದು ಬೀಳುತ್ತದೆ, ಅರದ ಬುಡ ಗುಂಬದಲ್ಲಿ ಅಲುಗಾಡುತ್ತದೆ, ಬಂಡಿ ಹೋಗುವಾಗ ಗಲಗಲ ಸದ್ದು ಬರುತ್ತದೆ. ಆಗ ಬಂಡಿಯನ್ನು ಹಳ್ಳಕ್ಕೋ ಕೆರೆಗೋ ಇಳಿಸಿ ಗಾಲಿಯನ್ನು ನೆನೆಯಬಿಡುತ್ತಿದ್ದರು. ನೀರು ಕುಡಿದ ಮರ ಉಬ್ಬಿ ಮತ್ತೆ ಹಳಿಯನ್ನು ತುಂಬುತ್ತಿತ್ತು. ಒಣಗಿದ ಪೀಪಾಯಿಗೆ ನೀರು ತುಂಬಿಸಿ ಸೋರಿಕೆ ನಿಲ್ಲಿಸುವ ಯುರೋಪಿನವರ ಉಪಾಯವೂ ಇದೇ. ಅಚ್ಚಿಗೆ ಕೀಲೆಣ್ಣೆ ಸವರಿ, ಕಡಾಣಿ ಸರಿಯಿದೆಯೇ ಎಂದು ನೋಡಿ, ಮರುದಿನ ಬಂಡಿ ಸಂತೆಗೆ ಹೊರಡುತ್ತಿತ್ತು.

ಬಡಿಗನ ಕೈಗೆ ಗೌರವವಿತ್ತೇ ಎಂದು ಕೇಳಿದರೆ, ಇತ್ತು, ಆದರೆ ಅದರ ಮೇರೆಗಳನ್ನೂ ಹೇಳಬೇಕು. ಹನ್ನೆರಡನೆಯ ಶತಮಾನದ ಶರಣರ ನಡುವೆ ಬಾಚಿಕಾಯಕದ ಬಸವಣ್ಣನೆಂಬ ಬಡಿಗನಿದ್ದನು. ಕೈಯ ಹತಾರವೇ ಅವನ ಹೆಸರಾಯಿತು. ಸುರಪುರ ತಾಲ್ಲೂಕಿನ ಮುದನೂರು ನೇಕಾರ ವಚನಕಾರ ದಾಸಿಮಯ್ಯನ ಊರು. ಅದೇ ತಾಲ್ಲೂಕಿನ ತಿಂಥಣಿಯಲ್ಲಿ ಕೃಷ್ಣೆಯ ದಂಡೆಯ ಮೇಲೆ ಮೌನೇಶ್ವರರ ಗದ್ದುಗೆಯಿದೆ. ಬಡಿಗ, ಕಂಬಾರ, ಅಕ್ಕಸಾಲಿಗರ ವಿಶ್ವಕರ್ಮ ಕುಲದಲ್ಲಿ ಜನಿಸಿದ ಆ ಸಂತರನ್ನು ಹಿಂದೂ ಮುಸ್ಲಿಮರಿಬ್ಬರೂ ತಮ್ಮವರೆಂದು ನಂಬುತ್ತಾರೆ. ಜಾತ್ರೆಗೆ ಎಲ್ಲ ಮತದವರೂ ಕೂಡುತ್ತಾರೆ. ನಾವು ಕ್ರೈಸ್ತರೂ ಈ ಮಾತಿನಲ್ಲಿ ಹೊರಗಿನವರಲ್ಲ. ಯೇಸುಸ್ವಾಮಿಯನ್ನು ಊರವರು ಬಡಗಿಯೆಂದೇ ಕರೆದರೆಂಬುದು ಮಾರ್ಕನ ಶುಭಸಂದೇಶದಲ್ಲಿದೆ. ಎರಡನೆಯ ಶತಮಾನದ ಸಂತ ಜಸ್ಟಿನರು, ಸ್ವಾಮಿ ನೇಗಿಲು ನೊಗಗಳನ್ನು ಮಾಡುತ್ತಿದ್ದರೆಂದು ಬರೆದಿದ್ದಾರೆ. ಹನ್ನೆರಡನೆಯ ಭಕ್ತಿನಾಥ ಜಗದ್ಗುರುಗಳು, ಅಂದರೆ ಹನ್ನೆರಡನೆಯ ಪಿಯುಸರು, 1955ರಲ್ಲಿ ಮೇ ತಿಂಗಳ ಮೊದಲ ದಿನವನ್ನು ಶ್ರಮಿಕ ಸಂತ ಜೋಸೆಫರ ಹಬ್ಬವಾಗಿ ಗೊತ್ತುಮಾಡಿದರು.

ಇಷ್ಟಾದರೂ ಊರಿನ ಆಯದ ಪದ್ಧತಿಯನ್ನು ಸುವರ್ಣಯುಗವೆಂದು ಹಾಡಿ ಹೊಗಳಲು ನಮ್ಮ ಮನಸ್ಸು ಒಪ್ಪದು. ಬಡಿಗನೂ ಕಂಬಾರನೂ ವರ್ಷವೆಲ್ಲ ದುಡಿದು ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಧಾನ್ಯದ ಪಾಲು ತರುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಪಾಲೂ ಕೈಕೊಡುತ್ತಿತ್ತು. ಬಂಡಿಗೆ ಬೇಕಾದ ತೊಗಲಿನ ಮಿಣಿ, ಬಾರುಕೋಲುಗಳನ್ನು ಮಾಡಿಕೊಟ್ಟವನು ಅದೇ ಕಣದ ಅಂಚಿನಲ್ಲಿ, ದೂರದಲ್ಲಿ, ಎಲ್ಲರ ಪಾಲು ಆದಮೇಲೆ ನಿಂತು ಪಡೆಯಬೇಕಾಗಿತ್ತು. ನೊಗದ ಮಿಣಿ ಬಂಡಿಯಲ್ಲಿ ನಡೆಯಿತು. ಮಾಡಿದವನು ಬಂಡಿಯಲ್ಲಿ ಕೂರುವಂತಿರಲಿಲ್ಲ. ವಿದ್ಯೆ ಹುಟ್ಟಿಗೆ ಅಂಟಿಕೊಂಡುದರ ಇನ್ನೊಂದು ಫಲ ಇಂದು ಕಾಣುತ್ತಿದೆ. ಮಗ ಕಲಿಯದಿದ್ದರೆ ಕಲಿಯಲು ಬೇರೆ ಯಾರಿಗೂ ಬಾಗಿಲಿರಲಿಲ್ಲ. ಮಗ ಬೆಂಗಳೂರಿಗೋ ಪುಣೆಗೋ ಹೋದ ದಿನವೇ ಆ ಬಾಗಿಲು ಒಳಗಿನಿಂದ ಮುಚ್ಚಿತು.

ಬಂಡಿಯ ಕಾಲ ಮುಗಿದುದು ಒಮ್ಮೆಲೆ ಅಲ್ಲ. 1871ರಲ್ಲಿ ಮುಂಬಯಿ ಕಡೆಯ ರೈಲು ಮಾರ್ಗವೂ ಮದರಾಸಿನ ಮಾರ್ಗವೂ ರಾಯಚೂರಿನಲ್ಲಿ ಕೂಡಿದವು. ಯಾದಗಿರಿ ಆ ಮಾರ್ಗದ ಮೇಲಿನ ಊರಾಯಿತು. ರೈಲು ಬಂಡಿಯನ್ನು ಕೊಲ್ಲಲಿಲ್ಲ. ಹೊಲದಿಂದ ಸ್ಟೇಷನ್ನಿನವರೆಗೆ ಹತ್ತಿಯನ್ನೂ ಶೇಂಗಾವನ್ನೂ ಹೊರಲು ಬಂಡಿ ಬೇಕೇ ಬೇಕಾಯಿತು. ವಿಚಿತ್ರವೆಂದರೆ ಆ ಕಾಲದ ರೈಲಿನ ಚಕ್ರಕ್ಕೂ ಹೊರಗಣ ಉಕ್ಕಿನ ಬಳೆಯನ್ನು ಕಾಯಿಸಿಯೇ ತೊಡಿಸುತ್ತಿದ್ದರು. ಬಡಿಗನ ಗಾಲಿಗೆ ನಿಜವಾದ ಪೆಟ್ಟು ಬಿದ್ದುದು ಗಾಳಿ ತುಂಬಿದ ಟೈರಿನಿಂದ. ಸ್ಕಾಟ್ಲೆಂಡ್ ಮೂಲದ ಪಶುವೈದ್ಯ ಜಾನ್ ಡನ್ಲಪ್ 1888ರಲ್ಲಿ ಮಗನ ಸೈಕಲ್ಲಿಗಾಗಿ ಮಾಡಿದ ಉಪಾಯ ಮುಂದೆ ನಮ್ಮ ಎತ್ತಿನ ಗಾಡಿಗೂ ಬಂದಿತು. ಪಶುವೈದ್ಯನ ಕೈಯಿಂದ ಬಂದುದಕ್ಕೋ ಏನೋ, ಎತ್ತಿಗೆ ಅದರಿಂದ ಉಪಕಾರವಾದುದು ನಿಜ. ಎಳೆಯುವ ಭಾರ ಹಗುರಾಯಿತು.

ಉಳಿದ ಕೆಲಸವನ್ನು ನೀರಾವರಿ ಮಾಡಿತು. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಸಿದ್ಧವಾಗಿ ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರಗಳ ಎರೆನೆಲಕ್ಕೆ ಹರಿಯಿತು. ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಭತ್ತ ಟ್ರ್ಯಾಕ್ಟರನ್ನು ಕರೆತಂದಿತು, ಟ್ರ್ಯಾಕ್ಟರು ಟ್ರೇಲರನ್ನು. ಎತ್ತುಗಳು ಮಾರಾಟವಾದವು. ಇದನ್ನು ನಾವು ದೂರುವುದಿಲ್ಲ. ಬರಗಾಲಕ್ಕೆ ಗುಳೆ ಹೋಗುತ್ತಿದ್ದ ಊರಿಗೆ ಕಾಲುವೆಯ ನೀರು ಬಂದಾಗ ಬಂಡಿಯ ಗಾಲಿಗಾಗಿ ಕಣ್ಣೀರಿಡುವುದು ಹೊಟ್ಟೆ ತುಂಬಿದವರ ವಿಲಾಸ. ತೇರಿನ ಗಾಲಿಗಳಿಗೂ ಉಕ್ಕು ಬಂದಿದೆ. ತಮಿಳುನಾಡಿನ ಎಷ್ಟೋ ದೇವಾಲಯಗಳ ತೇರುಗಳಿಗೆ ತಿರುಚಿರಾಪಳ್ಳಿಯ ಬಿ.ಎಚ್.ಇ.ಎಲ್. ಕಾರ್ಖಾನೆ ಉಕ್ಕಿನ ಗಾಲಿ ಮಾಡಿಕೊಟ್ಟಿದೆ. ದೇವರೇ ಒಪ್ಪಿದ ಮೇಲೆ ರೈತ ಒಪ್ಪಬಾರದೇಕೆ?

ಬಂಡಿ ಹೋಗಲಿ. ಬಂಡಿಯೊಡನೆ ಆ ‘ತುಸು ಕಡಮೆ’ಯ ಅರಿವೂ ಹೋಗಬೇಕೇ ಎಂಬುದು ನಮ್ಮ ಪ್ರಶ್ನೆ. ಪಾತ್ರೆ, ಗಾಲಿ, ಆಯುಧಗಳನ್ನು ವಸ್ತುಸಂಗ್ರಹಾಲಯದಲ್ಲಿಡಬಹುದು. ಹಳೆಯ ಗಾಲಿಗಳಿಗೆ ವಾರ್ನಿಷ್ ಬಳಿದು ಹೊಟೇಲುಗಳ ಮುಂದೆ ನಿಲ್ಲಿಸಿರುವುದನ್ನು ವಾಚಕರೂ ನೋಡಿರಬಹುದು. ಆದರೆ ಅಂತಹ ಗಾಲಿಯನ್ನು ಎಷ್ಟು ಹೊತ್ತು ನೋಡಿದರೂ, ಹಳಿಯನ್ನು ಎಷ್ಟು ಕಡಮೆ ಮಾಡಿದ್ದರೆಂಬುದು ಅದರಿಂದ ತಿಳಿಯದು. ತೊಡಿಸಿದ ಕ್ಷಣದಲ್ಲೇ ಆ ಅಳತೆ ಬಿಗಿತವಾಗಿ ಮಾರ್ಪಟ್ಟು ಕಣ್ಣಿಗೆ ಮರೆಯಾಗಿದೆ. ಅದನ್ನು ಬಲ್ಲುದು ಮಾಡಿದ ಕೈ.

ಸರಕಾರ ಏನೂ ಮಾಡಿಲ್ಲವೆಂದು ಹೇಳಲಾಗದು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಬಡಿಗ, ಕಂಬಾರರಿಬ್ಬರೂ ಅದರಲ್ಲಿದ್ದಾರೆ. ತರಬೇತಿಯ ದಿನಗಳಿಗೆ 500 ರೂಪಾಯಿ ದಿನಭತ್ಯೆ, ಹತಾರಗಳಿಗೆ 15,000 ರೂಪಾಯಿ, ಕಡಮೆ ಬಡ್ಡಿಯ ಸಾಲ ಇವೆಲ್ಲ ಉಂಟು. ಅರ್ಹರು ಇದರ ಪ್ರಯೋಜನ ಪಡೆಯಬೇಕೆಂದು ನಾವು ನಮ್ಮ ಜನರಿಗೆ ಹೇಳುತ್ತಲೂ ಇದ್ದೇವೆ. ದೋಣಿ ಮಾಡುವವನೂ ಆ ಪಟ್ಟಿಯಲ್ಲಿದ್ದಾನೆ. ಗಾಲಿ ಮಾಡುವವನ ಹೆಸರು ಬೇರೆಯಾಗಿಲ್ಲ. ತರಬೇತಿ ಕೊಡುವವರಿಗೂ ಅವನು ಬಡಿಗನೇ, ಬಡಿಗನೆಂದರೆ ವಿದ್ಯುತ್ ಗರಗಸ ಹಿಡಿದು ಪ್ಲೈವುಡ್ ಕೊಯ್ಯುವವನೇ.

ನಮ್ಮ ಸಲಹೆ ಸಣ್ಣದು. ಈ ಮೂರು ತಾಲ್ಲೂಕುಗಳಲ್ಲಿ ಗಾಲಿ ಮಾಡಿದ ಹಿರಿಯರು ಬದುಕಿರುವಾಗಲೇ ಒಂದು ಜೊತೆ ಗಾಲಿಗಳನ್ನು ಮೊದಲಿನಿಂದ ಕೊನೆಯವರೆಗೆ ಮಾಡಿಸಬೇಕು. ಮರ ಕಡಿದ ದಿನ, ಒಣಗಿದ ತಿಂಗಳು, ಪ್ರತಿ ಭಾಗದ ಅಳತೆ, ಗಾಲಿಯ ಸುತ್ತಳತೆ, ಹಳಿಯ ಉದ್ದ, ತೊಡಿಸಿದ ದಿನದ ಬಿಸಿಲು, ಎಲ್ಲವನ್ನೂ ಬರೆದಿಡಬೇಕು, ಚಿತ್ರೀಕರಿಸಬೇಕು. ಒಂದು ಜೊತೆ ಸಾಲದು. ಬೇಸಗೆಯಲ್ಲೊಂದು, ಮಳೆಗಾಲದಲ್ಲೊಂದು ಆಗಬೇಕು, ಏಕೆಂದರೆ ಲೆಕ್ಕ ಎರಡು ಎಂದು ಅವರೇ ಹೇಳಿದ್ದಾರೆ. ಇಕ್ಕಳ ಹಿಡಿಯಲು ಐ.ಟಿ.ಐ. ಓದುತ್ತಿರುವ ಹುಡುಗರು ಬರಲಿ, ಯಾವ ಕುಲದವರಾದರೂ ಬರಲಿ. ಅವರಲ್ಲಿ ಗಾಲಿ ಮಾಡಿ ಹೊಟ್ಟೆ ಹೊರೆಯುವವನು ಒಬ್ಬನೂ ಇರಲಾರ. ಆದರೆ ಕಬ್ಬಿಣ ಮರವನ್ನು ಬಿಗಿಯುವುದನ್ನು ತನ್ನ ಕೈಯಲ್ಲಿ ಅನುಭವಿಸಿದವನು ಬೇರಿಂಗನ್ನು ತೊಡಿಸುವಾಗಲೂ ಅದನ್ನು ನೆನೆಯುತ್ತಾನೆ. ಬೇರಿಂಗಿನ ಒಳಬಳೆಯನ್ನು ಇಂದಿಗೂ ಕಾಯಿಸಿಯೇ ದಂಡದ ಮೇಲೆ ಕೂರಿಸುತ್ತಾರಲ್ಲವೇ?

ಈ ಮಾತನ್ನು ಆ ಹಿರಿಯ ಬಡಿಗರ ಮುಂದಿಟ್ಟಾಗ ಅವರು ಕೂಡಲೇ ಬೆಲೆ ಹೇಳಲಿಲ್ಲ, ಮರದ ವಿಚಾರವೆತ್ತಿದರು. ಅವರ ಹಿತ್ತಿಲಿನಲ್ಲಿ ಕರಿಜಾಲಿಯ ಒಂದು ದಿಮ್ಮಿ ಬಹುದಿನದಿಂದ ನೆರಳಿನಲ್ಲಿ ಬಿದ್ದಿದೆ. ಗುಂಬಕ್ಕೆ ಅದು ಸಾಕು, ಬಾಗುಮರಕ್ಕೆ ಬೇರೆ ಹುಡುಕಬೇಕು. ಪಟ್ಟಿ ಯಾದಗಿರಿಯ ಅಂಗಡಿಯಲ್ಲಿ ಸಿಗುತ್ತದೆ. ಪಕ್ಕದ ಓಣಿಯ ಕಂಬಾರರ ಮನೆಯಲ್ಲಿ ತಿದಿ ಹೋಗಿ ವಿದ್ಯುತ್ ಊದುಗ ಬಂದಿದ್ದರೂ ಅಡಿಗಲ್ಲು ಇದ್ದಲ್ಲೇ ಇದೆ. ಕುಳ್ಳಿಗೆ ಮಾತ್ರ ಈಗ ದುಡ್ಡು ಕೊಡಬೇಕು. ಆಮೇಲೆ ಅವರು ಬೆರಳು ಮಡಿಸಿ ಜನರನ್ನು ಎಣಿಸಿದರು: ತಾವು, ಕಂಬಾರ, ಕಂಬಾರನ ತಮ್ಮ. ಹಳಿ ಎತ್ತಲು ನಾಲ್ಕು ಇಕ್ಕಳ ಬೇಕು. ನಾಲ್ಕನೆಯದನ್ನು ಹಿಡಿಯುತ್ತಿದ್ದ ಗೆಳೆಯ ತೀರಿಹೋಗಿ ಕೆಲವು ವರ್ಷಗಳಾದವಂತೆ.

“ಒಬ್ಬಾತನ್ನ ಕಳಿಸ್ರೀ ಸ್ವಾಮ್ಯಾರ, ತಿಂಥಣಿ ಜಾತ್ರಿ ಮುಗದ ಮ್ಯಾಲೆ ಹಚ್ಚೋಣು” ಎಂದರು.